ಸೆರೆಂಗೆಟಿ: ವನ್ಯಮೃಗಗಳ ಮಹಾಬಯಲು

'ಸಫಾರಿ' ಎಂಬುದು ಸ್ವಾಹಿಲಿ ಭಾಷೆಯ ಶಬ್ದ. ಪ್ರಯಾಣವೆಂಬುದೇ ಅದರ ಅರ್ಥ. ಅರಬ್ಬಿ ಮೂಲದಿಂದ ಬಂದ ಈ ಶಬ್ದಕ್ಕೂ ಕನ್ನಡಿಗರಿಗೆ ಪರಿಚಿತವಾದ 'ಮುಸಾಫಿರ' ಶಬ್ದಕ್ಕೂ ಧಾತು ಒಂದೇ. ಪೂರ್ವ ಆಫ್ರಿಕದಲ್ಲಿ ಒಂದು ಕಾಲಕ್ಕೆ ಸಫಾರಿಯೆಂದರೆ ಬಂದೂಕು ಹಿಡಿದ ಐರೋಪ್ಯರ ಬೇಟೆಯ ಯಾತ್ರೆಯಾಗಿತ್ತು. ಇಂದು ಅದು ಬಹುಮಟ್ಟಿಗೆ ಕಾಡುಮೃಗಗಳನ್ನು ಅವುಗಳ ನೆಲೆಯಲ್ಲಿಯೇ, ಅವುಗಳಿಗೆ ಬಾಧೆಯಾಗದಂತೆ ಕಂಡು ಬರುವ ಪ್ರವಾಸವೆನಿಸಿದೆ. ಅಂಥ ಪ್ರವಾಸಕ್ಕೆ ಲೋಕಪ್ರಸಿದ್ಧವಾದ ತಾಣಗಳಲ್ಲೊಂದು ಟಾಂಜಾನಿಯ ದೇಶದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ.

1951ರಲ್ಲಿ ಸ್ಥಾಪಿತವಾದ ಈ ಉದ್ಯಾನದ ವಿಸ್ತಾರ 14,763 ಚದರ ಕಿಲೋಮೀಟರು. 1981ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ತಾಣವೆಂದು ಮನ್ನಿಸಿತು. ಸೆರೆಂಗೆಟಿ ಎಂಬ ಹೆಸರು ಮಾಸಾಯಿ ಜನರ ನುಡಿಯಿಂದ ಬಂದುದು. ಕೊನೆಯಿಲ್ಲದ ಬಯಲು ಎಂದು ಅದರ ಭಾವ. ದಕ್ಷಿಣದ ಬಯಲಿನ ಮಣ್ಣು ಜ್ವಾಲಾಮುಖಿಗಳು ಉಗುಳಿದ ಬೂದಿಯಿಂದ ಆದದ್ದು. ನೆಲದಡಿಯಲ್ಲಿ ಸುಣ್ಣದ ಗಟ್ಟಿ ಪದರವಿರುವುದರಿಂದ ಮರದ ಬೇರು ಕೆಳಗಿಳಿಯದು; ಆದರೆ ಖನಿಜಗಳಿಂದ ತುಂಬಿದ ಗಿಡ್ಡ ಹುಲ್ಲು ಹುಲುಸಾಗಿ ಬೆಳೆಯುತ್ತದೆ. ಸೆರೆಂಗೆಟಿಯ ಸಕಲ ವೈಭವಕ್ಕೂ ಈ ಹುಲ್ಲೇ ಮೂಲ.

ಇಲ್ಲಿನ ಪ್ರಧಾನ ಪ್ರಾಣಿ ವೈಲ್ಡ್‌ಬೀಸ್ಟ್. ದನದಂತಹ ಕೊಂಬು, ಕುದುರೆಯಂತಹ ಬಾಲ, ಗಡ್ಡವುಳ್ಳ ಮುಖ ಇದರ ಲಕ್ಷಣಗಳು. ಇದು ದೊಡ್ಡ ಜಾತಿಯ ಒಂದು ಹುಲ್ಲೆ. ಹತ್ತು ಲಕ್ಷಕ್ಕೂ ಮಿಕ್ಕ ಈ ಪ್ರಾಣಿಗಳು ಮಳೆಯ ಬೆನ್ನು ಹಿಡಿದು ವರ್ಷವಿಡೀ ಸಂಚರಿಸುತ್ತವೆ. ಜೀಬ್ರಾಗಳೂ ಗೆಜೆಲ್ ಎಂಬ ಚಿಕ್ಕ ಹುಲ್ಲೆಗಳೂ ಜೊತೆಗೂಡುತ್ತವೆ. ಜೀಬ್ರಾ ಎತ್ತರದ ಒರಟು ಹುಲ್ಲನ್ನು ಮೇಯುತ್ತದೆ. ಆಮೇಲೆ ತೆರೆದುಕೊಂಡ ಎಲೆಯನ್ನು ವೈಲ್ಡ್‌ಬೀಸ್ಟ್ ತಿನ್ನುತ್ತದೆ. ಅನಂತರ ಚಿಗುರುವ ಎಳೆಯ ಹುಲ್ಲು ಗೆಜೆಲ್‌ಗಳ ಪಾಲು.

ಆದುದರಿಂದ ಪ್ರವಾಸಿಯು ತಿಂಗಳನ್ನರಿತು ಹೊರಡಬೇಕು. ಜನವರಿಯ ಕೊನೆಯಿಂದ ಮಾರ್ಚಿಯವರೆಗೆ ಹಿಂಡುಗಳು ದಕ್ಷಿಣದ ಬಯಲಿನಲ್ಲಿದ್ದು ಕರು ಹಾಕುತ್ತವೆ. ಬಹುಪಾಲು ಕರುಗಳು ಎರಡು ಮೂರು ವಾರಗಳಲ್ಲಿಯೇ ಹುಟ್ಟುವುದರಿಂದ ಸಿಂಹ, ಕತ್ತೆಕಿರುಬಗಳು ಎಷ್ಟು ತಿಂದರೂ ಅಸಂಖ್ಯಾತ ಕರುಗಳು ಉಳಿಯುತ್ತವೆ. ಮೇ, ಜೂನ್ ತಿಂಗಳುಗಳಲ್ಲಿ ಹಿಂಡುಗಳು ಪಶ್ಚಿಮದ ಗ್ರುಮೆಟಿ ನದಿಯತ್ತ ಸಾಗುತ್ತವೆ. ಜುಲೈಯಿಂದ ಅಕ್ಟೋಬರಿನವರೆಗೆ ಮೊಸಳೆಗಳಿಂದ ತುಂಬಿದ ಮಾರಾ ನದಿಯನ್ನು ಹಾಯುತ್ತ ಕೀನ್ಯದ ಮಾಸಾಯಿ ಮಾರಾ ಪ್ರದೇಶವನ್ನು ಮುಟ್ಟಿ, ನವೆಂಬರಿನ ಮಳೆಯೊಡನೆ ದಕ್ಷಿಣಕ್ಕೆ ಮರಳುತ್ತವೆ. ನಡುವಿನ ಸೆರೊನೆರಾ ಕಣಿವೆಯಲ್ಲಿ ಮಾತ್ರ ಸಿಂಹ, ಚಿರತೆಗಳು ವರ್ಷವೆಲ್ಲ ಕಾಣಸಿಗುವುದುಂಟು. ನಸುಕಿನಲ್ಲಿ ಹೊರಡುವುದು, ವಾಹನದಿಂದ ಕೆಳಗಿಳಿಯದಿರುವುದು, ದಾರಿ ಬಿಟ್ಟು ಹುಲ್ಲಿನ ಮೇಲೆ ಹೋಗದಿರುವುದು, ಮೌನವಾಗಿರುವುದು ಇವು ಪ್ರವಾಸಿಯ ಧರ್ಮ. ಹಿಂಡು ನದಿ ಹಾಯುವಾಗ ವಾಹನಗಳು ದಡವನ್ನು ಮುತ್ತಿದರೆ ಪ್ರಾಣಿಗಳು ಬೆದರಿ ಹಿಮ್ಮೆಟ್ಟುತ್ತವೆ.

ಇಷ್ಟೊಂದು ಹಿಂಡುಗಳನ್ನು ಕಂಡವರಿಗೆ ಇವು ಅನಾದಿಯಿಂದಲೂ ಹೀಗೆಯೇ ಇದ್ದವೆಂದು ತೋರುವುದು ಸಹಜ. ವಸ್ತುಸ್ಥಿತಿ ಬೇರೆ. 1890ರ ಸುಮಾರಿಗೆ ದನಗಳ ದೊಡ್ಡರೋಗವು ಪೂರ್ವ ಆಫ್ರಿಕಕ್ಕೆ ಹಬ್ಬಿತು. ಮಾಸಾಯಿಗಳ ದನಕರುಗಳಲ್ಲಿ ಬಹುಪಾಲು ಸತ್ತು ಕ್ಷಾಮ ತಲೆದೋರಿತು; ಕಾಡೆಮ್ಮೆ, ವೈಲ್ಡ್‌ಬೀಸ್ಟ್‌ಗಳೂ ರಾಶಿರಾಶಿಯಾಗಿ ಸತ್ತವು. ಮುಂದೆ ದಶಕಗಳ ಕಾಲ ಈ ರೋಗ ಎಳೆಯ ಪ್ರಾಣಿಗಳನ್ನು ಕೊಲ್ಲುತ್ತಲೇ ಇತ್ತು. ಕಾಡುಮೃಗಗಳೇ ಇದರ ತವರೆಂದು ಅನೇಕರು ಬಗೆದಿದ್ದರು. ಆದರೆ ಉದ್ಯಾನದ ಹೊರಗಿನ ದನಗಳಿಗೆ ಲಸಿಕೆ ಹಾಕಿದ ಮೇಲೆ, 1960ರ ದಶಕದ ಆದಿಯಲ್ಲಿ ರೋಗವು ಕಾಡಿನಿಂದಲೂ ಮಾಯವಾಯಿತು. 1961ರಲ್ಲಿ ಸುಮಾರು 2.5 ಲಕ್ಷವಿದ್ದ ವೈಲ್ಡ್‌ಬೀಸ್ಟ್‌ಗಳು 1977ರ ಹೊತ್ತಿಗೆ ಸುಮಾರು 13 ಲಕ್ಷಕ್ಕೆ ಏರಿದವು. ಅವು ಹುಲ್ಲನ್ನು ಮೇದುದರಿಂದ ಕಾಡುಗಿಚ್ಚು ಕಡಿಮೆಯಾಯಿತು; ಕಿಚ್ಚು ತಗ್ಗಿದ್ದರಿಂದ ಸಸಿಗಳು ಮರಗಳಾದವು. ಈ ರೋಗದ ನಿವಾರಣೆಯಲ್ಲಿ ಭಾರತಕ್ಕೂ ಒಂದು ಪಾಲುಂಟು. 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಜೆ. ಟಿ. ಎಡ್ವರ್ಡ್ಸ್ ಅವರು ಆಡುಗಳ ಮೂಲಕ ಹಾಯಿಸಿ ಸೌಮ್ಯಗೊಳಿಸಿದ ವೈರಸ್ಸು ಮುಂಚಿನ ಲಸಿಕೆಗಳಲ್ಲೊಂದು. ಮುಂದೆ ಕೀನ್ಯದಲ್ಲಿ ವಾಲ್ಟರ್ ಪ್ಲೌರೈಟ್ ಅವರು ಇನ್ನೂ ಉತ್ತಮವಾದ ಲಸಿಕೆಯನ್ನು ಸಿದ್ಧಪಡಿಸಿದರು. 2011ರಲ್ಲಿ ಜಗತ್ತೇ ಈ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಹಾಗೆಯೇ 1994ರಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ತಗುಲಿ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಅಳಿದಾಗ, ಸುತ್ತಲಿನ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕುವ ಕಾರ್ಯ ಕೈಗೊಳ್ಳಲಾಯಿತು.

ಇಲ್ಲಿ ಮನುಷ್ಯರ ಅಳಲೂ ಇದೆ. 1959ರಲ್ಲಿ ಉದ್ಯಾನದ ಎಲ್ಲೆಯನ್ನು ತಿದ್ದಿದಾಗ ತಲೆಮಾರುಗಳಿಂದ ಅಲ್ಲಿ ದನ ಮೇಯಿಸುತ್ತಿದ್ದ ಮಾಸಾಯಿಗಳು ಬಯಲನ್ನು ತೊರೆಯಬೇಕಾಯಿತು. ಅವರಿಗೆ ನೆಲೆಯಾಗಿ ನೆರೆಯ ಗೊರೊಂಗೊರೊ ಸಂರಕ್ಷಿತ ಪ್ರದೇಶವನ್ನು ಬಿಡಲಾಯಿತು. 2022ರಿಂದ ಅಲ್ಲಿನ ಕುಟುಂಬಗಳನ್ನೂ ದೂರಕ್ಕೆ ಸಾಗಿಸುವ ಕಾರ್ಯ ನಡೆದು ತೀವ್ರ ವಿವಾದಕ್ಕೆ ಎಡೆಯಾಗಿದೆ.

ಸಿಂಹವನ್ನು ಕಂಡ ಸಂತೋಷದೊಡನೆ ಪ್ರವಾಸಿಯು ಇದನ್ನೂ ಮನಗಾಣುವುದು ಲೇಸು. ಉದ್ಯಾನದ ಎಲ್ಲೆಯನ್ನು ಎಳೆದವನು ಮನುಷ್ಯ. ಮಳೆಯಾಗಲಿ ರೋಗವಾಗಲಿ ಆ ಎಲ್ಲೆಯನ್ನು ಅರಿಯವು. ಹೊರಗಿನ ದನಗಾಹಿಯ ಕೊಟ್ಟಿಗೆ ಕ್ಷೇಮವಾಗಿದ್ದರೆ ಮಾತ್ರ ಒಳಗಿನ ಹಿಂಡು ಕ್ಷೇಮವಾಗಿರಬಲ್ಲದು. ಸೆರೆಂಗೆಟಿಯ ಇತಿಹಾಸ ಸಾರುವ ಪಾಠವಿದು.