ನಾಯಿಯ ಆಟ, ನಾಯಿಯ ಮೂಗು: ಕೆಲವು ತಪ್ಪು ಕಲ್ಪನೆಗಳು

ಮೂಸುವುದು, ಅಗಿಯುವುದು, ನೆಲ ಕೆರೆಯುವುದು, ಅಟ್ಟಿಸಿಕೊಂಡು ಹೋಗುವುದು, ಸಿಕ್ಕಿದ್ದನ್ನು ಕಚ್ಚಿ ಎಳೆದಾಡುವುದು ನಾಯಿಯ ಹುಟ್ಟುಗುಣಗಳು. ಹೊಟ್ಟೆಗೆ ಹಾಕಿ, ಲಸಿಕೆ ಕೊಡಿಸಿ, ಮಲಗಲು ಜಾಗ ಮಾಡಿಕೊಟ್ಟ ಮಾತ್ರಕ್ಕೆ ಇವು ಅಡಗುವುದಿಲ್ಲ. ಮನೆಯವರು ದಾರಿ ಮಾಡಿಕೊಡದಿದ್ದರೆ ನಾಯಿ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಚಪ್ಪಲಿ, ಸೋಫಾದ ಮೂಲೆ, ಹೂಕುಂಡದ ಮಣ್ಣು ಎದುರಿಗೇ ಇರುತ್ತವೆ. ಈ ಗುಣಗಳಿಗೆ ದಿನವೂ ಒಂದಿಷ್ಟು ತಕ್ಕ ಕೆಲಸ ಒದಗಿಸುವುದನ್ನೇ ಪಶುವೈದ್ಯರು, ತರಬೇತುದಾರರು ಎನ್‌ರಿಚ್‌ಮೆಂಟ್ ಎನ್ನುತ್ತಾರೆ. ಇದರ ಬಗ್ಗೆ ನಾಯಿ ಸಾಕುವವರಲ್ಲಿ ಬೇರೂರಿರುವ ನಂಬಿಕೆಗಳಲ್ಲಿ ಹಲವು ಪರೀಕ್ಷೆಗೆ ನಿಂತಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ, ಚೆನ್ನಾಗಿ ಓಡಿಸಿ ದಣಿಸಿದರೆ ಸಾಕು ಎಂಬುದು. ವ್ಯಾಯಾಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನವೂ ಚೆಂಡಿನ ಹಿಂದೆ ಓಡುವ ನಾಯಿಯ ಕಸುವೂ ಬೆಳೆಯುತ್ತ ಹೋಗುತ್ತದೆ, ನಿನ್ನೆ ದಣಿಸಿದ ಓಟ ನಾಳೆ ಸಾಲದಾಗುತ್ತದೆ. ಮೇಲಾಗಿ ಓಟ ಕಾಲಿನ ಕೆಲಸ, ನಾಯಿಯ ತಲೆಗೆ ಕೆಲಸ ಸಿಗುವುದು ಹೆಚ್ಚಾಗಿ ಮೂಗಿನಿಂದ. ವಾಸನೆ ಹಿಡಿಯುವ ಗ್ರಾಹಕಗಳು ಮನುಷ್ಯನ ಮೂಗಿನಲ್ಲಿ ಸುಮಾರು 50ರಿಂದ 60 ಲಕ್ಷ ಇದ್ದರೆ, ನಾಯಿಯಲ್ಲಿ ತಳಿಗೆ ತಕ್ಕಂತೆ 10 ಕೋಟಿಯಿಂದ 30 ಕೋಟಿಯವರೆಗೆ ಇವೆ. ಲೈಟು ಕಂಬದ ಬುಡದಲ್ಲಿ ನಿಂತ ನಾಯಿಗೆ ಅಲ್ಲಿಗೆ ಬಂದು ಹೋದ ನಾಯಿಗಳು ಗಂಡೋ ಹೆಣ್ಣೋ, ಪರಿಚಿತವೋ ಹೊಸವೋ, ಬೆದೆಗೆ ಬಂದಿವೆಯೋ ಎಂಬುದೆಲ್ಲ ತಿಳಿಯುತ್ತಿರುತ್ತದೆ. ಅಷ್ಟರಲ್ಲಿ ಹಗ್ಗ ಹಿಡಿದವರು ‘ಹೊತ್ತಾಯಿತು’ ಎಂದು ಎಳೆದುಕೊಂಡು ಹೋಗುತ್ತಾರೆ. ಬೆಳಗಿನ ಸುತ್ತಾಟ ಯಾರಿಗಾಗಿ ಎಂಬುದೇ ಅಲ್ಲಿ ಮರೆತಿರುತ್ತದೆ.

ಷಾರ್ಲೊಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಮೂಸುವುದರ ಪರಿಣಾಮವನ್ನೇ ಪರೀಕ್ಷಿಸಿತು. ಎರಡು ವಾರ ಒಂದು ಗುಂಪಿನ ಸಾಕುನಾಯಿಗಳು ಮೂಸಿ ತಿಂಡಿ ಹುಡುಕುವ ಆಟವಾಡಿದವು. ಇನ್ನೊಂದು ಗುಂಪು ಯಜಮಾನರ ಪಕ್ಕಕ್ಕೆ ಅಂಟಿಕೊಂಡು ನಡೆಯುವುದನ್ನು ಅಭ್ಯಾಸ ಮಾಡಿತು. ಆಮೇಲೆ ತಿಂಡಿ ಇದೆಯೋ ಇಲ್ಲವೋ ಎಂದು ಖಚಿತವಿಲ್ಲದ ಜಾಗದಲ್ಲಿ ಬಟ್ಟಲು ಇಟ್ಟಾಗ, ಮೂಸುವ ಆಟವಾಡಿದ ನಾಯಿಗಳು ಮೊದಲಿಗಿಂತ ಬೇಗ ಅದರತ್ತ ಹೋದವು. ಒಳ್ಳೆಯದೇ ಆಗಬಹುದೆಂಬ ನಿರೀಕ್ಷೆ ಅವುಗಳಲ್ಲಿ ಹೆಚ್ಚಿತ್ತು ಎಂದು ಸಂಶೋಧಕರು ಇದನ್ನು ಅರ್ಥೈಸಿದರು. ಪಕ್ಕದಲ್ಲಿ ನಡೆಯುವುದನ್ನು ಕಲಿತ ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ.

ಹಾಗೆಂದು ಎಲ್ಲ ನಾಯಿಗೂ ಒಂದೇ ಅಳತೆಯ ಅಂಗಿ ಹೊಲಿಯಲಾಗದು. ಬೀಗಲ್‌ಗೆ ಮೂಸುವುದರಲ್ಲಿ ಸುಖ, ಲ್ಯಾಬ್ರಡಾರ್‌ಗೆ ಎಸೆದದ್ದನ್ನು ಬಾಯಲ್ಲಿ ಹೊತ್ತು ತರುವುದರಲ್ಲಿ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆ ಗುರುತಿಸಿ ಓಡಿ ಹಿಡಿಯುವ ತಳಿ. ಅದಕ್ಕೆ ಬೇಲಿಯಿರುವ ಬಯಲಿನಲ್ಲಿ ಮನಸಾರೆ ಒಂದು ಓಟ ಬೇಕು. ಕೋಲಿನ ತುದಿಗೆ ಹಗ್ಗ, ಹಗ್ಗಕ್ಕೊಂದು ಬಟ್ಟೆ ಕಟ್ಟಿ ನೆಲದ ಮೇಲೆ ಎಳೆದಾಡಿಸಿದರೂ ಆದೀತು.

ದುಬಾರಿ ಆಟಿಕೆಗಳಿಂದ ನಾಯಿಯ ಬೇಸರ ಕಳೆಯುತ್ತದೆ ಎಂಬುದು ಅಂಗಡಿಗಳಿಗೆ ಅನುಕೂಲವಾದ ನಂಬಿಕೆ. ಸದಾ ಕಣ್ಣೆದುರೇ ಬಿದ್ದಿರುವ ಆಟಿಕೆಯಲ್ಲಿ ನಾಯಿಯ ಆಸಕ್ತಿ ಬಲುಬೇಗ ಬತ್ತುತ್ತದೆ, ಹೊಸದೊಂದು ಕಂಡರೆ ಮತ್ತೆ ಚಿಗುರುತ್ತದೆ. ಎರಡು ಮೂರು ಮಾತ್ರ ಹೊರಗಿಟ್ಟು, ಉಳಿದವನ್ನು ಎತ್ತಿಟ್ಟು, ಆಗಾಗ ಬದಲಾಯಿಸಿದರೆ ಹಳೆಯದೂ ಹೊಸತಾಗುತ್ತದೆ. ಊಟವನ್ನೇ ಆಟವಾಗಿಸುವುದು ಇನ್ನೂ ಸುಲಭ. ನಾಯಿಯ ಕಾಳುತಿಂಡಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿಡಬಹುದು, ಪಿನ್ನು, ಟೇಪು ಕಿತ್ತ ರಟ್ಟಿನ ಪೆಟ್ಟಿಗೆಯಲ್ಲಿ ಕಾಗದದ ಉಂಡೆಗಳ ನಡುವೆ ಅಡಗಿಸಬಹುದು, ಮೊಸರನ್ನವನ್ನು ಗೆರೆಗಳಿರುವ ರಬ್ಬರ್ ಚಾಪೆಗೆ ಸವರಿ ನೆಕ್ಕಲು ಬಿಡಬಹುದು. ಬೇಯಿಸಿದ ಮೂಳೆ ಮಾತ್ರ ಬೇಡ. ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಲ್ಲದು.

ತಟ್ಟೆಯಲ್ಲಿ ಹಾಕಬಹುದಾದದ್ದಕ್ಕೆ ನಾಯಿಯನ್ನು ಸತಾಯಿಸುವುದೇಕೆ ಎಂಬ ಮರುಕ ಸಹಜ. ಸ್ವೀಡನ್ನಿನಲ್ಲಿ ಬೀಗಲ್ ನಾಯಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕೆಲವು ನಾಯಿಗಳು ಉಪಕರಣವನ್ನು ತಾವೇ ನಡೆಸಿ ಬಹುಮಾನ ಗಳಿಸಿದವು. ಅವುಗಳ ಜೋಡಿ ನಾಯಿಗಳಿಗೆ ಅದೇ ಬಹುಮಾನ ಏನೂ ಮಾಡದೆ ಸಿಕ್ಕಿತು. ದುಡಿದು ಪಡೆದವು ಬಾಲ ಬೀಸುತ್ತ ಆಟದ ಜಾಗಕ್ಕೆ ನುಗ್ಗಿದವು. ಪುಕ್ಕಟೆ ಪಡೆದವು ಕ್ರಮೇಣ ಅಲ್ಲಿಗೆ ಬರಲು ಹಿಂಜರಿದವು.

ಹಗ್ಗಜಗ್ಗಾಟದಲ್ಲಿ ನಾಯಿಯನ್ನು ಗೆಲ್ಲಲು ಬಿಟ್ಟರೆ ತಲೆಯ ಮೇಲೆ ಕೂರುತ್ತದೆ ಎಂದು ಹೆದರುವವರಿದ್ದಾರೆ. ಇದರ ಬೇರು, ಅಪರಿಚಿತ ತೋಳಗಳನ್ನು ಒಟ್ಟಿಗೆ ಕೂಡಿಹಾಕಿ ಗಮನಿಸಿ, ಅವು ಮೇಲುಗೈಗಾಗಿ ಸೆಣಸುತ್ತವೆ ಎಂದು 1947ರಲ್ಲಿ ಬರೆದ ವರದಿಯಲ್ಲಿದೆ. ಆದರೆ ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ತೋರಿಸಿಕೊಟ್ಟರು. ಬ್ರಿಟನ್ನಿನ ನಿಕೋಲಾ ರೂನಿ ಮತ್ತು ಜಾನ್ ಬ್ರಾಡ್‌ಶಾ 14 ಗೋಲ್ಡನ್ ರಿಟ್ರೀವರ್‌ಗಳ ಜೊತೆ ಹಗ್ಗಜಗ್ಗಾಟವಾಡಿ, ಕೆಲವು ಸಲ ಗೆಲ್ಲಿಸಿ ಕೆಲವು ಸಲ ಸೋಲಿಸಿ ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗೆಲುವಿನಿಂದ ದರ್ಪ ಬೆಳೆದ ಕುರುಹು ಇರಲಿಲ್ಲ. ‘ಬಿಡು’ ಎಂದಾಗ ಬಿಡುವುದನ್ನು ಮಾತ್ರ ಮೊದಲೇ ಕಲಿಸಿರಬೇಕು.

ಒಂಟಿಯಾಗಿ ಬಿಟ್ಟುಹೋದದ್ದಕ್ಕೆ ಸೇಡು ತೀರಿಸಿಕೊಳ್ಳಲು ನಾಯಿ ದಿಂಬು ಹರಿಯಿತು, ಅದಕ್ಕೇ ಮುಖ ತಗ್ಗಿಸಿದೆ ಎಂಬುದು ಮನುಷ್ಯನ ಊಹೆ. ಹೊರೊವಿಟ್ಜ್ 2009ರಲ್ಲಿ ಕಂಡುಕೊಂಡಂತೆ ಆ ‘ತಪ್ಪಿತಸ್ಥ’ ಮುಖ ನಾಯಿ ತಪ್ಪು ಮಾಡಿದ್ದಕ್ಕಲ್ಲ, ಯಜಮಾನರು ಗದರಿದ್ದಕ್ಕೆ ಬರುತ್ತದೆ. ಏನೂ ಮಾಡದ ನಾಯಿಯನ್ನು ಗದರಿದರೂ ಅದೇ ಮುಖ. ದಿಂಬು ಹರಿದಿದ್ದರ ಕಾರಣವನ್ನು ಬೇಸರದಲ್ಲೋ ಒಂಟಿತನದ ದಿಗಿಲಿನಲ್ಲೋ ಹುಡುಕಬೇಕು. ದಿಗಿಲಾದರೆ ಆಟಿಕೆ ಸಾಲದು, ಪಶುವೈದ್ಯರ ಸಲಹೆ ಬೇಕು.

ಮುದಿ ನಾಯಿಗೆ ಹೊಸ ಪಾಠ ಹತ್ತದೆಂಬುದೂ ಪೂರ್ತಿ ನಿಜವಲ್ಲ. ವಿಯೆನ್ನಾದಲ್ಲಿ 95 ಬಾರ್ಡರ್ ಕೋಲಿ ನಾಯಿಗಳನ್ನು ಪರೀಕ್ಷಿಸಿದಾಗ ವಯಸ್ಸಾದವು ನಿಧಾನವಾಗಿ ಕಲಿತವು, ಆದರೆ ಕಲಿತದ್ದನ್ನು ತಿಂಗಳುಗಳ ನಂತರವೂ ಮರೆತಿರಲಿಲ್ಲ.

ಕಟ್ಟಿಹಾಕಿದಷ್ಟೂ ನಾಯಿ ಕಾವಲಿಗೆ ಚುರುಕಾಗುತ್ತದೆ ಎಂಬ ನಂಬಿಕೆಯೇ ಹೆಚ್ಚು ಹಾನಿ ಮಾಡಿರುವುದು. ದಿನವಿಡೀ ಸರಪಳಿಯಲ್ಲಿರುವ ನಾಯಿಗೆ ದೂರ ಸರಿಯುವ ದಾರಿಯೇ ಇಲ್ಲದ್ದರಿಂದ ಎಲೆ ಅಲುಗಿದರೂ ಬೊಗಳುತ್ತದೆ, ಹತ್ತಿರ ಬಂದ ಮಗುವಿಗೂ ಬಾಯಿ ಹಾಕುತ್ತದೆ. ಕಳ್ಳನನ್ನೂ ಅಂಚೆಯವನನ್ನೂ ಬೇರ್ಪಡಿಸಿ ನೋಡಲಾಗದ ಆ ಗಾಬರಿ ಕಾವಲಲ್ಲ. ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು ಅಪರಾಧ.