ಹಾರ್ಮೋನೊಂದೇ ಸಾಲದು

ಮಕ್ಕಳಾಗಲಿಲ್ಲವೆಂದು ಬಾಗೂರಿನಂಥ ಊರಿನಿಂದ ಹೊಸದುರ್ಗಕ್ಕೋ ಚಿತ್ರದುರ್ಗಕ್ಕೋ ಬಸ್ಸು ಹತ್ತುವ ದಂಪತಿಗೆ ವೈದ್ಯರು ಮೊದಲು ಬರೆದುಕೊಡುವ ಪರೀಕ್ಷೆಗಳಲ್ಲಿ ಹಾರ್ಮೋನಿನದೂ ಒಂದು. ರಿಪೋರ್ಟಿನಲ್ಲಿ ಎಲ್ಲವೂ ‘ನಾರ್ಮಲ್’ ಎಂದಿದ್ದರೂ ಕೆಲವರಲ್ಲಿ ಅಂಡಾಣು ಬಿಡುಗಡೆಯಾಗುವುದಿಲ್ಲ. ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಎಂಬುದಷ್ಟೇ ಆ ಕಾಗದದಿಂದ ತಿಳಿಯುತ್ತದೆ. ಆ ಹಾರ್ಮೋನಿಗೆ ಅಂಡಾಶಯದ ಕೋಶಗಳು ಹೇಗೆ ಓಗೊಟ್ಟವು ಎಂಬುದು ತಿಳಿಯುವುದಿಲ್ಲ. ಅದನ್ನು ತೀರ್ಮಾನಿಸುವುದರಲ್ಲಿ ಕೋಶದೊಳಗಿನ ಸಹಾಯಕ ಪ್ರೋಟೀನುಗಳ ಪಾಲು ದೊಡ್ಡದು.

ಅಂಡಾಶಯದಲ್ಲಿ ಪ್ರತಿ ಅಂಡಾಣುವೂ ಒಂದೊಂದು ಕೋಶಿಕೆಯೊಳಗೆ ಬೆಳೆಯುತ್ತದೆ. ಕೋಶಿಕೆಯ ಹೊರಪದರದ ಥೀಕಾ ಕೋಶಗಳು ಆಂಡ್ರೋಜೆನ್ ತಯಾರಿಸುತ್ತವೆ. ಒಳಪದರದ ಗ್ರಾನ್ಯುಲೋಸಾ ಕೋಶಗಳು ಅದನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತವೆ. ಈ ಈಸ್ಟ್ರೋಜೆನ್ ಕೆಲಸ ಮಾಡಬೇಕಾದರೆ ಕೋಶದಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನು ಇರಬೇಕು. ಅಂಥದೊಂದು ಗ್ರಾಹಕವಿದೆ ಎಂದು 1950ರ ದಶಕದ ಕೊನೆಯಲ್ಲಿ ಷಿಕಾಗೋದ ಎಲ್‌ವುಡ್ ಜೆನ್ಸೆನ್ ವಿಕಿರಣಶೀಲ ಹಾರ್ಮೋನು ಬಳಸಿ ತೋರಿಸಿಕೊಟ್ಟರು. 1996ರಲ್ಲಿ ಸ್ವೀಡನ್ನಿನ ಯಾನ್-ಓಕೆ ಗುಸ್ತಾಫ್ಸನ್ ತಂಡ ಬೀಟಾ ಎಂಬ ಎರಡನೆಯ ಗ್ರಾಹಕವನ್ನು ಪತ್ತೆಹಚ್ಚಿತು. ಗ್ರಾನ್ಯುಲೋಸಾ ಕೋಶಗಳಲ್ಲಿ ಹೆಚ್ಚಾಗಿರುವುದು ಈ ಬೀಟಾ. ಥೀಕಾ ಕೋಶಗಳಲ್ಲಿ ಹೆಚ್ಚಾಗಿರುವುದು ಮೊದಲು ಪತ್ತೆಯಾದ, ಈಗ ಆಲ್ಫಾ ಎಂದು ಕರೆಯುವ ಗ್ರಾಹಕ.

ಈಸ್ಟ್ರೋಜೆನ್ ಬಂದು ಕೂತೊಡನೆ ಗ್ರಾಹಕದ ಆಕಾರ ಬದಲಾಗುತ್ತದೆ. ಅದರ ತುದಿಯ ಹತ್ತಿರವಿರುವ, 12ನೆಯ ಸುರುಳಿ ಎಂದು ಕರೆಯುವ ಸಣ್ಣ ತುಣುಕು ಮಡಚಿಕೊಂಡು, ಗ್ರಾಹಕದ ಮೈಮೇಲೆ ಒಂದು ತಗ್ಗು ಸಿದ್ಧವಾಗುತ್ತದೆ. ಸಹಾಯಕ ಪ್ರೋಟೀನು ಬಂದು ಕೂರುವುದು ಆ ತಗ್ಗಿನಲ್ಲೇ. ಇಂಥವುಗಳಲ್ಲಿ ಎಸ್‌ಆರ್‌ಸಿ-1 ಎಂಬುದನ್ನು 1995ರಲ್ಲಿ ಅಮೆರಿಕದ ಬರ್ಟ್ ಓಮ್ಯಾಲಿ ಅವರ ಪ್ರಯೋಗಾಲಯ ಗುರುತಿಸಿತು. ಅದು ತನ್ನೊಂದಿಗೆ ಪಿ300 ಎಂಬ ಇನ್ನೊಂದು ಪ್ರೋಟೀನನ್ನೂ ಕರೆತರುತ್ತದೆ. ನಮ್ಮ ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ, ಉರುಳೆಗೆ ದಾರ ಸುತ್ತಿದಂತೆ, ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡಿದೆ. ಪಿ300 ಆ ಹಿಸ್ಟೋನುಗಳಿಗೆ ಅಸಿಟೈಲ್ ಗುಂಪು ಅಂಟಿಸಿ ಸುತ್ತನ್ನು ಸಡಿಲಿಸುತ್ತದೆ. ಆಗ ಅಲ್ಲಿನ ವಂಶವಾಹಿ ಚುರುಕಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಸುತ್ತನ್ನು ಬಿಗಿಗೊಳಿಸಿ ವಂಶವಾಹಿಯನ್ನು ಸುಮ್ಮನಿರಿಸುವ ತಡೆ ಪ್ರೋಟೀನುಗಳೂ ಇವೆ.

ಪಿ300 ಕುರಿತ ಮಹತ್ವದ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2003ರಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ ಪಿ300ರ ಕೆಲಸವನ್ನು ತಡೆಯುತ್ತದೆಂದು ವರದಿ ಮಾಡಿತು. 2004ರಲ್ಲಿ ಅರಿಶಿನದ ಕುರ್ಕುಮಿನ್, ನಾವು ಮುರುಗಲು ಅಥವಾ ಪುನರ್ಪುಳಿ ಎನ್ನುವ ಹಣ್ಣಿನ ಸಿಪ್ಪೆಯ ಗಾರ್ಸಿನಾಲ್ ಈ ಎರಡಕ್ಕೂ ಅದೇ ಗುಣವಿದೆಯೆಂದು ತೋರಿಸಿತು. ಇವು ಪ್ರಯೋಗಾಲಯದ ಫಲಿತಾಂಶಗಳು. ಇವನ್ನು ನಂಬಿ ಅರಿಶಿನದ ಮಾತ್ರೆ ನುಂಗುವುದು ತರವಲ್ಲ. ಆದರೆ ಸಹಾಯಕ ಪ್ರೋಟೀನನ್ನು ಹೊರಗಿನಿಂದ ಹತೋಟಿಗೆ ತರಬಹುದೆಂಬ ಅರಿವು ಮುಂದಿನ ಔಷಧಗಳಿಗೆ ದಾರಿಯಾಗಬಲ್ಲದು.

ಇಂಥ ಒಂದೇ ಒಂದು ಪ್ರೋಟೀನು ಇಲ್ಲದಿದ್ದರೆ ಏನಾದೀತು? 2000ದಲ್ಲಿ ಲಂಡನ್ನಿನ ಮಾಲ್ಕಮ್ ಪಾರ್ಕರ್ ತಂಡ, ಆರ್‌ಐಪಿ140 ಎಂಬ ತಡೆ ಪ್ರೋಟೀನು ಇಲ್ಲದ ಇಲಿಗಳನ್ನು ಪರಿಶೀಲಿಸಿತು. ಅವುಗಳ ಅಂಡಾಶಯದಲ್ಲಿ ಕೋಶಿಕೆಗಳು ಬೆಳೆದವು, ಬಲಿತವು. ಆದರೆ ಒಡೆಯಲಿಲ್ಲ. ಅಂಡಾಣು ಒಳಗೇ ಸಿಕ್ಕಿಕೊಂಡಿತು. ಅಂಡಾಣು ಹೊರಬಿದ್ದ ಮೇಲೆ ಕೋಶಿಕೆಯಲ್ಲಿ ಆಗಬೇಕಾದ ಮಾರ್ಪಾಡುಗಳು ಮಾತ್ರ ಏನೂ ನಡೆದಿಲ್ಲವೆಂಬಂತೆ ಮುಂದುವರಿದವು. ಕೆಲವು ಸ್ತ್ರೀಯರಲ್ಲೂ ಇದೇ ಬಗೆಯಲ್ಲಿ ಕೋಶಿಕೆ ಒಡೆಯದೆ ಉಳಿದು ಬಂಜೆತನ ಉಂಟಾಗುವುದನ್ನು ವೈದ್ಯರು ಬಲ್ಲರು.

ಒಂದೇ ಮಾತ್ರೆ ಒಂದೊಂದು ಅಂಗದಲ್ಲಿ ಒಂದೊಂದು ರೀತಿ ವರ್ತಿಸುವುದೇಕೆ ಎಂಬುದೂ ಈ ಸಹಾಯಕ ಪ್ರೋಟೀನುಗಳ ಅಧ್ಯಯನದಿಂದ ತಿಳಿಯುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಸ್ತನದಲ್ಲಿ ಈಸ್ಟ್ರೋಜೆನ್ನಿಗೆ ಅಡ್ಡಿ ಮಾಡಿದರೂ ಗರ್ಭಕೋಶದ ಒಳಪದರವನ್ನು ಈಸ್ಟ್ರೋಜೆನ್ನಿನ ಹಾಗೆಯೇ ಪ್ರಚೋದಿಸುತ್ತದೆ. ಗರ್ಭಕೋಶದ ಕೋಶಗಳಲ್ಲಿ ಎಸ್‌ಆರ್‌ಸಿ-1 ಹೇರಳವಾಗಿರುವುದು ಇದಕ್ಕೊಂದು ಕಾರಣವೆಂದು 2002ರ ಅಧ್ಯಯನವೊಂದು ತೋರಿಸಿತು. ಅಂಡಾಣು ಬಿಡುಗಡೆಗೆಂದು ಬರೆದುಕೊಡುವ ಕ್ಲೋಮಿಫೀನ್ ಕೂಡ ಇದೇ ಜಾತಿಯದು. ಅದು ಮಿದುಳಿನಲ್ಲಿ ಗ್ರಾಹಕಕ್ಕೆ ಅಡ್ಡನಿಂತು, ಕೋಶಿಕೆಯನ್ನು ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನು ಹೆಚ್ಚುವಂತೆ ಮಾಡುತ್ತದೆ.

ಆದ್ದರಿಂದ ನೆರೆಯವರಿಗೆ ಫಲ ಕೊಟ್ಟ ಹಾರ್ಮೋನ್ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವಾಗಿಯೇ ತಂದು ನುಂಗಬೇಡಿ. ಅಂಡಾಶಯದ ಒಳಗೆ ನಡೆಯುವ ಈ ವ್ಯವಹಾರ ಯಾವ ಹೆಣ್ಣಿನ ಹತೋಟಿಯಲ್ಲೂ ಇಲ್ಲ. ಅದಕ್ಕಾಗಿ ಆಕೆಯನ್ನು ದೂರುವುದು ಅನ್ಯಾಯ. ತಜ್ಞ ವೈದ್ಯರ ಬಳಿ ಗಂಡ ಹೆಂಡತಿ ಇಬ್ಬರೂ ಹೋಗಿ, ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ.