ಇಲ್ಲದ ಲೆನ್ಸಿನ ಗುರುತುಗಳು: ಅನಿಮೆಯಲ್ಲಿ ಕ್ಯಾಮೆರಾ

ಜಪಾನಿನ ಅನಿಮೆಗಳಲ್ಲಿ ಸೂರ್ಯ ಕಾಣಿಸಿಕೊಂಡಾಗ ಪರದೆಯ ಮೇಲೆ ಓರೆಯಾಗಿ ಬಣ್ಣದ ಬಿಲ್ಲೆಗಳ ಸಾಲು ಮೂಡುವುದುಂಟು. ನಿಜವಾದ ಕ್ಯಾಮೆರಾದಲ್ಲಿ ಇದಕ್ಕೆ ಕಾರಣ ಲೆನ್ಸಿನ ರಚನೆ. ಅದರೊಳಗೆ ಹಲವು ಗಾಜುಗಳಿರುತ್ತವೆ. ಪ್ರಖರ ಬೆಳಕು ಅವುಗಳ ಮೇಲ್ಮೈಗಳ ನಡುವೆ ಪ್ರತಿಫಲಿಸಿ ಚಿತ್ರದಲ್ಲಿ ಕಲೆಗಳಾಗಿ ಬೀಳುತ್ತದೆ. ಛಾಯಾಗ್ರಾಹಕರು ಸಾಮಾನ್ಯವಾಗಿ ತಪ್ಪಿಸಲು ನೋಡುವ ಈ ದೋಷವನ್ನು ಅನಿಮೆ ಕಲಾವಿದರು ಬೇಕೆಂದೇ ಬಿಡಿಸುತ್ತಾರೆ. ಸಿನಿಮಾ ನೋಡಿ ಪಳಗಿದ ಕಣ್ಣು ಆ ಕಲೆಯನ್ನು ಕಂಡೊಡನೆ ಬಿಸಿಲಿನ ತೀವ್ರತೆಯನ್ನು ನಂಬಿಬಿಡುತ್ತದೆ.

ಈ ಎರವಲಿನ ಹಿಂದೆ ಹಣದ ಲೆಕ್ಕಾಚಾರವೂ ಇತ್ತು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮುಗಳು. ಒಸಾಮು ತೆಝುಕಾ ಅವರ ‘ಆಸ್ಟ್ರೋ ಬಾಯ್’ (1963) ಕಾಲದಿಂದ ಟಿವಿ ಅನಿಮೆಯಲ್ಲಿ ಒಂದೇ ಚಿತ್ರವನ್ನು ಮೂರು ಫ್ರೇಮುಗಳಿಗೆ ಬಳಸುವುದು ರೂಢಿಯಾಯಿತು. ಸೆಕೆಂಡಿಗೆ ಎಂಟು ಚಿತ್ರ ಸಾಕು. ಪಾತ್ರಗಳ ಚಲನೆ ಕಡಿಮೆಯಾದಷ್ಟೂ ದೃಶ್ಯಕ್ಕೆ ಜೀವ ತುಂಬುವ ಹೊಣೆ ಕ್ಯಾಮೆರಾದ ಮೇಲೆ ಬಿತ್ತು. ‘ಟುಮಾರೋಸ್ ಜೋ’ (1970) ನಿರ್ದೇಶಿಸಿದ ಒಸಾಮು ದೆಝಾಕಿ ಇದರಲ್ಲಿ ನಿಸ್ಸೀಮರು. ಅವರ ಕೃತಿಗಳಲ್ಲಿ ಹೊಳೆಯುವ ಬೆಳಕನ್ನು ಬಣ್ಣದಿಂದ ಬಳಿದದ್ದಲ್ಲ. ಕಪ್ಪು ಕಾಗದದಲ್ಲಿ ಹೊಳಪು ಬೇಕಾದಷ್ಟು ಜಾಗವನ್ನೇ ಕತ್ತರಿಸಿ, ಕೆಳಗಿನಿಂದ ದೀಪ ಹಾಯಿಸಿ, ಮೊದಲು ಚಿತ್ರ ತೆಗೆದ ಅದೇ ಫಿಲ್ಮಿನ ಮೇಲೆ ಎರಡನೇ ಸಲ ಚಿತ್ರೀಕರಿಸುತ್ತಿದ್ದರು. ನಿಜವಾದ ಬೆಳಕೇ ಫಿಲ್ಮಿಗೆ ತಾಗುತ್ತಿದ್ದುದರಿಂದ ಅದರ ಅಂಚು ಮೃದುವಾಗಿ ಹರಡುತ್ತಿತ್ತು.

ಪ್ರಭಾವ ಇನ್ನೂ ಆಳವಾಗಿ ಕಾಣುವುದು ಲೇಔಟಿನಲ್ಲಿ, ಅಂದರೆ ಪ್ರತಿ ಶಾಟಿನ ಚೌಕಟ್ಟನ್ನು ನಿರ್ಧರಿಸುವ ನಕ್ಷೆಯಲ್ಲಿ. ಇಸಾವೊ ತಕಾಹಾತ ನಿರ್ದೇಶನದ ‘ಹೈಡಿ’ (1974) ಧಾರಾವಾಹಿಗೆ ಲೇಔಟುಗಳನ್ನು ಬರೆದವರು ಹಯಾವೊ ಮಿಯಾಝಾಕಿ. ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ, ದಿಗಂತದ ಗೆರೆ ಎಲ್ಲಿ ಬರಬೇಕು ಎಂಬುದೆಲ್ಲ ಇಲ್ಲೇ ತೀರ್ಮಾನವಾಗುತ್ತದೆ. ದೂರದಿಂದ ಟೆಲಿಫೋಟೋ ಲೆನ್ಸಿನಲ್ಲಿ ತೆಗೆದಂತೆ ಕಾಣಬೇಕಾದರೆ ಒಂದೆಡೆ ಕೂಡುವ ಗೆರೆಗಳನ್ನು ಬಹುಮಟ್ಟಿಗೆ ಸಮಾನಾಂತರವಾಗಿಡಬೇಕು. ಆಗ ಹಿಂದಿನ ಕಟ್ಟಡಗಳು ಪಾತ್ರದ ಬೆನ್ನಿಗೇ ಅಂಟಿ ನಿಂತಂತಿರುತ್ತವೆ. ವೈಡ್ ಆಂಗಲ್‌ನಲ್ಲಿ ಇದು ತಿರುಗುಮುರುಗು. ‘ಪ್ಯಾಟ್‌ಲೇಬರ್ 2’ (1993) ಚಿತ್ರದಲ್ಲಿ ಮಮೊರು ಓಶಿಯಿ ಈ ಶಿಸ್ತನ್ನು ಪರಾಕಾಷ್ಠೆಗೆ ಒಯ್ದರು. ಟೋಕಿಯೊ ನಗರವೇ ಅಲ್ಲಿ ಪಾತ್ರವಾಗಲು ಕಾರಣ ಈ ಲೇಔಟುಗಳು.

ಕತ್ಸುಹಿರೊ ಓಟೊಮೊ ಅವರ ‘ಅಕಿರಾ’ (1988) ಚಿತ್ರದ ಬೈಕುಗಳ ಹಿಂದೀಪ ಎಳೆಯುವ ಕೆಂಪು ಗೆರೆಗಳೂ ಹೀಗೆಯೇ, ದೀರ್ಘಕಾಲ ಶಟರ್ ತೆರೆದಿಟ್ಟ ಫೋಟೋದ ನೆನಪು. ಹಿದೆಆಕಿ ಆನ್ನೊ ‘ಅಲ್ಟ್ರಾಮ್ಯಾನ್’ ಸರಣಿಯ ನಿರ್ದೇಶಕ ಅಕಿಯೊ ಜಿಸ್ಸೋಜಿ ಅವರ ವಿಲಕ್ಷಣ ಕೋನಗಳಿಂದ ಕಲಿತವರು. ಅವರ ‘ಇವಾಂಗೆಲಿಯನ್’ (1995) ಧಾರಾವಾಹಿಯಲ್ಲಿ ಇಬ್ಬರು ಹುಡುಗಿಯರು ಲಿಫ್ಟಿನಲ್ಲಿ ಮಾತಿಲ್ಲದೆ ನಿಂತ ಒಂದೇ ಶಾಟ್ ಸುಮಾರು ಒಂದು ನಿಮಿಷ ಕದಲುವುದಿಲ್ಲ. ಅಗ್ಗದ ಸ್ಥಿರಚಿತ್ರವೊಂದು ಇಷ್ಟು ಉಸಿರುಗಟ್ಟಿಸಿದ್ದು ಅಪರೂಪ.

ಕಂಪ್ಯೂಟರು ಬಂದ ಮೇಲೆ ಲೆನ್ಸಿನ ನಕಲು ಸುಲಭವಾಯಿತು. ಗಾಜು ಬೇರೆಬೇರೆ ಬಣ್ಣದ ಬೆಳಕನ್ನು ಬೇರೆಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ಚಿತ್ರದ ಅಂಚಿನಲ್ಲಿ ಕೆಂಪು, ನೀಲಿ ಗೆರೆಗಳು ಏಳುತ್ತವೆ. ಫೋಕಸಿನಾಚೆಯ ವಸ್ತು ಮಸುಕಾಗುತ್ತದೆ. ನಾವೊಕೊ ಯಮಾದಾ ತಮ್ಮ ‘ಎ ಸೈಲೆಂಟ್ ವಾಯ್ಸ್’ (2016) ಚಿತ್ರದಲ್ಲಿ ಇಂಥ ಮಸುಕನ್ನೇ ಭಾವದ ಸಾಧನವಾಗಿಸಿದ್ದಾರೆ. ಜನರ ಮುಖ ನೋಡಲು ಹೆದರುವ ನಾಯಕನ ಕತೆಯಲ್ಲಿ ಚೌಕಟ್ಟು ಮತ್ತೆಮತ್ತೆ ಮುಖಗಳನ್ನು ಬಿಟ್ಟು ಕೈಕಾಲುಗಳತ್ತ ಇಳಿಯುತ್ತದೆ.